'2001: ಎ ಸ್ಪೇಸ್ ಒಡಿಸ್ಸಿ' ತೋರಿಸುವ ಮೊದಲು ನೋಡುಗರಿಗೆ ಅರ್ಥ ಹೇಳಬೇಕೇ, ಬೇಡವೇ?

ಪ್ರಶ್ನೆ: ಭೌತಶಾಸ್ತ್ರ ಉಪನ್ಯಾಸಕ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ನಾವು ಕೆಲವು ಅಧ್ಯಾಪಕರು ಮತ್ತು ಹಳೆಯ ವಿದ್ಯಾರ್ಥಿಗಳು ಸೇರಿ ತಿಂಗಳಿಗೊಂದು ಸಿನಿಮಾ ತೋರಿಸಿ, ಮುಗಿದ ಮೇಲೆ ಅಲ್ಲಿಯೇ ಕುಳಿತು ಅದರ ಬಗ್ಗೆ ಮಾತನಾಡುವ ರೂಢಿ ಇಟ್ಟುಕೊಂಡಿದ್ದೇವೆ. ಈ ಸಲ ಸ್ಟ್ಯಾನ್ಲಿ ಕುಬ್ರಿಕ್ ನಿರ್ದೇಶಿಸಿದ, 1968ರಲ್ಲಿ ಬಿಡುಗಡೆಯಾದ '2001: ಎ ಸ್ಪೇಸ್ ಒಡಿಸ್ಸಿ' ತೋರಿಸಿದೆವು. ನೋಡಿದವರು ಎರಡು ಪಂಗಡವಾದರು. ಒಂದಷ್ಟು ಜನ ಮಧ್ಯಂತರದಲ್ಲಿಯೇ ಎದ್ದು ಹೋದರು. ಕೊನೆಯವರೆಗೆ ಕುಳಿತವರಲ್ಲಿ ಕೆಲವರು ತಮ್ಮ ಸಂಜೆ ವ್ಯರ್ಥವಾಯಿತೆಂದು ನೇರವಾಗಿಯೇ ಹೇಳಿದರು. ಇನ್ನು ಕೆಲವರು ಇಂಥದನ್ನು ಜೀವನದಲ್ಲಿ ನೋಡಿರಲಿಲ್ಲವೆಂದು, ಮತ್ತೊಮ್ಮೆ ಯಾವಾಗ ತೋರಿಸುತ್ತೀರೆಂದು ಕೇಳಿದರು. ನಡುವಿನ ಅಭಿಪ್ರಾಯ ಯಾರಲ್ಲಿಯೂ ಇರಲಿಲ್ಲ.

ಚಿತ್ರ ನೋಡದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಕೊನೆಯೂ ಇದರಲ್ಲಿ ಸೇರಿದೆ. ಲಕ್ಷಾಂತರ ವರ್ಷಗಳ ಹಿಂದೆ ಆಫ್ರಿಕಾದ ಒಣನೆಲದಲ್ಲಿ ವಾನರರ ಗುಂಪೊಂದರ ಮುಂದೆ ಒಂದು ಕಪ್ಪು ಫಲಕ ಕಾಣಿಸಿಕೊಳ್ಳುತ್ತದೆ, ಅದಾದ ಮೇಲೆ ಒಂದು ವಾನರ ಎಲುಬನ್ನು ಆಯುಧವಾಗಿ ಹಿಡಿಯುತ್ತದೆ. ಮೇಲಕ್ಕೆಸೆದ ಎಲುಬು ಕೆಳಗಿಳಿಯುವಷ್ಟರಲ್ಲಿ ಪರದೆಯ ಮೇಲೆ ಬಾಹ್ಯಾಕಾಶ ನೌಕೆಗಳು ತೇಲುತ್ತಿರುತ್ತವೆ. ಚಂದ್ರನ ನೆಲವನ್ನು ಅಗೆದಾಗ ಅಂಥದೇ ಇನ್ನೊಂದು ಫಲಕ ಸಿಕ್ಕು, ಅದು ಗುರುಗ್ರಹದ ಕಡೆಗೆ ರೇಡಿಯೋ ಸಂಕೇತ ಕಳುಹಿಸುತ್ತದೆ. ಹದಿನೆಂಟು ತಿಂಗಳ ನಂತರ ಡಿಸ್ಕವರಿ ಎಂಬ ನೌಕೆ ಗುರುಗ್ರಹದ ದಾರಿಯಲ್ಲಿದೆ. ಅದರಲ್ಲಿ ಎಚ್ಚರವಿರುವವರು ಇಬ್ಬರು, ಶೀತನಿದ್ರೆಯಲ್ಲಿರುವವರು ಮೂವರು. ನೌಕೆಯನ್ನು ನಡೆಸುವುದು ಹ್ಯಾಲ್ 9000 ಎಂಬ ಕಂಪ್ಯೂಟರ್. ಹ್ಯಾಲ್ ನಾಲ್ವರನ್ನು ಕೊಲ್ಲುತ್ತದೆ, ಉಳಿದ ಬೋಮನ್ ಅದರ ಮಿದುಳನ್ನು ಒಂದೊಂದೇ ತುಂಡಾಗಿ ಕಳಚಿ ಆರಿಸುತ್ತಾನೆ. ಆಮೇಲೆ ಒಂದು ಬೆಳಕಿನ ಸುರಂಗ, ಹಳೆಯ ಕಾಲದ ಅಲಂಕಾರವಿರುವ ಒಂದು ಮಲಗುವ ಕೋಣೆ, ಅಲ್ಲಿ ನೋಡನೋಡುತ್ತಲೇ ಮುದುಕನಾಗುವ ಬೋಮನ್, ಕೊನೆಗೆ ಭೂಮಿಯ ಪಕ್ಕದಲ್ಲಿ ತೇಲುವ ಒಂದು ಭ್ರೂಣ. ಇವುಗಳಲ್ಲಿ ಯಾವುದನ್ನೂ ಯಾರೂ ವಿವರಿಸುವುದಿಲ್ಲ.

ನನ್ನನ್ನು ಯೋಚನೆಗೆ ಹಚ್ಚಿದ್ದು ಎದ್ದು ಹೋದವರು ಯಾರು, ಕುಳಿತವರು ಯಾರು ಎಂಬುದು. ಇಂಗ್ಲಿಷ್ ಚಿತ್ರಗಳನ್ನು ತಪ್ಪದೆ ನೋಡುವ, ಕೃಷ್ಣರಂಧ್ರ, ಕಾಲಪ್ರಯಾಣ ಎಂದರೆ ಗಂಟೆಗಟ್ಟಲೆ ಮಾತನಾಡಬಲ್ಲ ನನ್ನ ಗೆಳೆಯರೇ ಹೆಚ್ಚಾಗಿ ಬೇಸತ್ತರು. ಆಳಂದ, ಚಿಂಚೋಳಿ ಕಡೆಯ ಹಳ್ಳಿಗಳಿಂದ ಬಂದು ಬಿ.ಎಸ್ಸಿ. ಓದುತ್ತಿರುವ, ಕನ್ನಡ ಮಾಧ್ಯಮದಲ್ಲಿಯೇ ಬೆಳೆದ ವಿದ್ಯಾರ್ಥಿನಿಯರು ಕದಲದೆ ಕುಳಿತರು. ಅವರಲ್ಲೊಬ್ಬಳು, "ಇದರಾಗ ಮಾತೇ ಕಡಿಮಿ ಅದಾವಲ್ರಿ ಸರ್, ಹಿಂಗಾಗಿ ನನಗ ಇಂಗ್ಲಿಷಿನ ಅಂಜಿಕಿ ಬರ್ಲಿಲ್ಲ" ಎಂದಳು. ಮೊದಲ 25 ನಿಮಿಷ ಈ ಚಿತ್ರದಲ್ಲಿ ಒಂದೇ ಒಂದು ಮಾತಿಲ್ಲ. ಕೊನೆಯ ಭಾಗವೂ ಹಾಗೆಯೇ. ಬಲ್ಲವರಿಗೆ ದೊಡ್ಡ ಕೊರತೆಯಾಗಿ ಕಂಡದ್ದು ಆಕೆಗೆ ಬಾಗಿಲು ತೆರೆದಂತಾಗಿತ್ತು.

ಈಗ ನನ್ನ ಪ್ರಶ್ನೆ. ಮುಂದಿನ ತಿಂಗಳು ಇದೇ ಚಿತ್ರವನ್ನು ಸೇಡಂನ ಪದವಿ ವಿದ್ಯಾರ್ಥಿಗಳಿಗೆ ತೋರಿಸುವವರಿದ್ದೇವೆ. ಫಲಕ ಎಂದರೇನು, ಹ್ಯಾಲ್ ಏಕೆ ಕೊಂದಿತು, ಆ ಕೋಣೆ ಯಾವುದು ಎಂಬುದನ್ನೆಲ್ಲ ಅರ್ಧ ಗಂಟೆ ಮೊದಲೇ ಹೇಳಿಬಿಟ್ಟರೆ ಯಾರೂ ಎದ್ದು ಹೋಗುವುದಿಲ್ಲ ಎಂಬುದು ನಮ್ಮಲ್ಲಿ ಕೆಲವರ ವಾದ. ಏನನ್ನೂ ಹೇಳಬಾರದು, ತಿಳಿದವರಿಗೆ ತಿಳಿಯುತ್ತದೆ, ಉಳಿದವರು ಹೋಗಲಿ ಎಂಬುದು ಇನ್ನು ಕೆಲವರದು. ಮೊದಲನೆಯದರಲ್ಲಿ ಚಿತ್ರ ಪಾಠವಾಗುತ್ತದೆ. ಎರಡನೆಯದರಲ್ಲಿ, ಕರೆದ ನಾವೇ ಬಂದವರನ್ನು ಕೈಬಿಟ್ಟಂತಾಗುತ್ತದೆ. ನಿಮ್ಮ ಅಭಿಪ್ರಾಯವೇನು?

ಉತ್ತರ 1: ನಿವೃತ್ತ ಕನ್ನಡ ಅಧ್ಯಾಪಕಿ, ಬೀದರ್

ಸರ್, ನಿಮ್ಮ ವಿದ್ಯಾರ್ಥಿನಿಯ ಮಾತು ಓದಿ ಸಂತೋಷವಾಯಿತು. ನೀವು ಚಿತ್ರ ತೋರಿಸಲಿರುವ ಸೇಡಂ ತಾಲ್ಲೂಕಿನಲ್ಲಿಯೇ ಮಳಖೇಡವಿದೆ. ಓದಿನ ಅಭ್ಯಾಸವಿಲ್ಲದೆಯೂ ಕಾವ್ಯದ ಬಳಕೆಯನ್ನು ಬಲ್ಲ ಜನರೆಂದು ಕನ್ನಡಿಗರನ್ನು ಕುರಿತು 'ಕವಿರಾಜಮಾರ್ಗ' ಹೇಳಿದ್ದು ಅಲ್ಲಿಂದ ಆಳಿದ ರಾಷ್ಟ್ರಕೂಟರ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ. ಆದ್ದರಿಂದ ಆ ಮಕ್ಕಳಿಗೆ ಅರ್ಥವಾಗದೇನೋ ಎಂಬ ಅಳುಕಿನಿಂದ ನೀವು ಆರಂಭಿಸಬೇಕಾಗಿಲ್ಲ.

ನಾನು ಈ ಚಿತ್ರವನ್ನು ಮಗನ ಮನೆಯಲ್ಲಿ ನೋಡಿದೆ. ನೋಡುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಒಗಟಿನಂತೆ ಅರ್ಥವನ್ನು ಮರೆಸಿಟ್ಟು ಹೇಳುವ ಬೆಡಗಿನ ವಚನಗಳು. ಅಲ್ಲಮಪ್ರಭುವಿನ ಬೆಡಗಿನ ವಚನವೊಂದನ್ನು ತರಗತಿಯಲ್ಲಿ ಓದಿದಾಗಲೂ ಹೀಗೆಯೇ ಆಗುತ್ತಿತ್ತು. ಅರ್ಧ ತರಗತಿ ಮುಖ ಸಿಂಡರಿಸುತ್ತಿತ್ತು. ಅರ್ಧ ತರಗತಿ ತಲೆಯೆತ್ತಿ ಕೇಳುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ಅಧ್ಯಾಪಕರು ಸಾಮಾನ್ಯವಾಗಿ ಮಾಡುವುದೇನೆಂದರೆ, ಈ ಪ್ರಾಣಿ ಎಂದರೆ ಮನಸ್ಸು, ಈ ಕೆರೆ ಎಂದರೆ ಸಂಸಾರ, ಈ ಗಿಡ ಎಂದರೆ ದೇಹ ಎಂದು ಒಂದೊಂದಕ್ಕೂ ಒಂದೊಂದು ಅರ್ಥ ಬರೆಸುವುದು. ಬರೆಸಿದ ಕೂಡಲೇ ಆ ವಚನ ಮುಗಿದುಹೋಗುತ್ತದೆ. ಪರೀಕ್ಷೆಯಲ್ಲಿ ಅಂಕಗಳು ಬರುತ್ತವೆ, ಆದರೆ ಮತ್ತೆ ಯಾರೂ ಅದನ್ನು ತೆರೆದು ಓದುವುದಿಲ್ಲ. ನಿಮ್ಮ ಗೆಳೆಯರು ಅರ್ಧ ಗಂಟೆಯಲ್ಲಿ ಮಾಡಬೇಕೆಂದಿರುವುದು ಇದೇ ಕೆಲಸ.

ಹಾಗೆಂದು ಏನೂ ಹೇಳದೆ ಬಿಡುವುದೂ ನಮ್ಮ ಪರಂಪರೆಯಲ್ಲ. ಬೆಡಗಿನ ವಚನಗಳಿಗೆ ನಂತರದ ಶತಮಾನಗಳಲ್ಲಿ ಟೀಕೆಗಳನ್ನು ಬರೆದವರಿದ್ದಾರೆ, ಶೂನ್ಯಸಂಪಾದನೆಕಾರರು ಆ ವಚನಗಳನ್ನು ಒಂದು ಸಂವಾದದ ನಡುವೆ ಇಟ್ಟು, ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಹೇಳಿದ ಮಾತು ಎಂಬುದನ್ನು ಕಾಣಿಸಿದ್ದಾರೆ. ಸಂದರ್ಭ ತಿಳಿದ ಓದುಗ ಒಗಟಿನ ಮುಂದೆ ಹೆದರುವುದಿಲ್ಲ, ಒಗಟು ಮಾತ್ರ ಒಗಟಾಗಿಯೇ ಉಳಿದಿರುತ್ತದೆ. ಇನ್ನು ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ನಿಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಏಕತಾರಿ ಹಿಡಿದು ಹಾಡುವುದನ್ನು ನೀವು ಕೇಳಿರುತ್ತೀರಿ. ಅಲ್ಲಿ ಹಾಡಿನ ನಡುವೆ ಯಾರೂ ಕೈ ಎತ್ತಿ ಅರ್ಥ ಕೇಳುವುದಿಲ್ಲ. ಹಾಡು ಮೊದಲು ಕಿವಿಗೆ ಸೇರುತ್ತದೆ, ಸಾಲುಗಳು ಬಾಯಿಗೆ ಬರುತ್ತವೆ, ಅರ್ಥದ ಮಾತು ಎಷ್ಟೋ ದಿನಗಳ ಮೇಲೆ, ಕೆಲವೊಮ್ಮೆ ಎಷ್ಟೋ ವರ್ಷಗಳ ಮೇಲೆ ಬರುತ್ತದೆ. ನಿಮ್ಮ ವಿದ್ಯಾರ್ಥಿನಿಯರು ಇಂಥ ಊರುಗಳಿಂದಲೇ ಬಂದವರು. ಅವರು ಕದಲದೆ ಕುಳಿತದ್ದು ನನಗೆ ಆಶ್ಚರ್ಯವೆನಿಸಲಿಲ್ಲ.

ಹಾಗಾಗಿ ನನ್ನ ಸಲಹೆ: ಸಂದರ್ಭವನ್ನು ಹೇಳಿ, ಸಂಕೇತಗಳನ್ನು ಬಿಡಿಸಬೇಡಿ. ಚಿತ್ರಕ್ಕೆ ನಾಲ್ಕು ಭಾಗಗಳಿವೆ, ಅವುಗಳ ನಡುವೆ ಕಾಲ ಎಷ್ಟು ಜಿಗಿಯುತ್ತದೆ, ಸಂಗೀತ ಎಲ್ಲಿ ಕಥೆಯ ಕೆಲಸ ಮಾಡುತ್ತದೆ, ಇಷ್ಟು ಸಾಕು. ಆ ಫಲಕ ದೇವರೋ, ಯಂತ್ರವೋ, ಗುರುವೋ ಎಂಬುದನ್ನು ಅವರೇ ತಮ್ಮೊಳಗೆ ಜಗಳವಾಡಿ ತೀರ್ಮಾನಿಸಲಿ.

ಉತ್ತರ 2: ಬ್ಯಾಂಕ್ ಉದ್ಯೋಗಿ, ಯಾದಗಿರಿ

ಅಧ್ಯಾಪಕಿಯವರ ಮೇಲೆ ಗೌರವವಿಟ್ಟುಕೊಂಡೇ ನನ್ನ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ಈ ಚಿತ್ರವನ್ನು ನಾನು ಪೂರ್ತಿಯಾಗಿ, ಗಮನವಿಟ್ಟು, ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ನನಗೆ ಇದು ಇಷ್ಟವಾಗಲಿಲ್ಲ, ಅರ್ಥವಾಗದ್ದಕ್ಕೆ ಅಲ್ಲ. ಇಂಥ ಚಿತ್ರಗಳ ಚರ್ಚೆಯಲ್ಲಿ ಬೇಸರವಾಯಿತೆಂದು ಯಾರಾದರೂ ಹೇಳಿದರೆ, ಅವರಿಗೆ ತಾಳ್ಮೆಯಿಲ್ಲ ಅಥವಾ ಸಿದ್ಧತೆಯಿಲ್ಲ ಎಂದೇ ಉಳಿದವರು ಭಾವಿಸುತ್ತಾರೆ. ಮೂಲ ಪ್ರಶ್ನೆಯಲ್ಲಿಯೂ ಆ ಭಾವನೆ ಸ್ವಲ್ಪ ಇದೆ.

ಬೆಡಗಿನ ವಚನದ ಹೋಲಿಕೆ ನನಗೆ ಒಪ್ಪಿಗೆಯಾಗುವುದಿಲ್ಲ. ವಚನಕಾರರಿಗೂ ಕೇಳುಗರಿಗೂ ನಡುವೆ ಒಂದು ಸಮಾನವಾದ ಸಾಧನೆಯಿತ್ತು, ಷಟ್‌ಸ್ಥಲದ, ಎಂದರೆ ಸಾಧನೆಯ ಆರು ಹಂತಗಳ, ತಿಳಿವಳಿಕೆಯಿತ್ತು, ಕೇಳಲು ಗುರುವಿದ್ದರು. ಒಗಟಿನ ಕೀಲಿಕೈ ಆ ಸಮುದಾಯದ ಒಳಗೇ ಇತ್ತು. ಈ ಚಿತ್ರದ ಒಗಟು ಹುಟ್ಟಿದ ಬಗೆಯೇ ಬೇರೆ. ಕುಬ್ರಿಕ್ ಮತ್ತು ಆರ್ಥರ್ ಸಿ. ಕ್ಲಾರ್ಕ್ ಸೇರಿ ಕಥೆ ಕಟ್ಟುವಾಗ ಹಿನ್ನೆಲೆಯಲ್ಲಿ ವಿವರಣೆ ಹೇಳುವ ಧ್ವನಿಯ ಯೋಜನೆ ಇತ್ತು. ಭೂಮಿಯಾಚೆಯ ಜೀವಿಗಳ ಬಗ್ಗೆ ನಿಜವಾದ ವಿಜ್ಞಾನಿಗಳ ಸಂದರ್ಶನಗಳನ್ನು ಚಿತ್ರದ ಆರಂಭಕ್ಕೆಂದು ಚಿತ್ರೀಕರಿಸಿಯೂ ಇದ್ದರು. ಎರಡನ್ನೂ ಆಮೇಲೆ ಕೈಬಿಟ್ಟರು. ಅದೇ ವರ್ಷ ಚಿತ್ರದ ನಂತರ ಹೊರಬಂದ ಕ್ಲಾರ್ಕ್ ಅವರ ಕಾದಂಬರಿಯಲ್ಲಿ ಬಹುತೇಕ ಎಲ್ಲಕ್ಕೂ ಉತ್ತರವಿದೆ. ಎಂದರೆ ಮೊದಲು ಅರ್ಥವಿತ್ತು, ಅದನ್ನು ತೆಗೆದುಹಾಕಿದ್ದರಿಂದ ಗೂಢತೆ ಬಂದಿತು. ಹೀಗೆ ಕಳೆಯುವುದರಿಂದ ಬಂದ ಗೂಢತೆಯನ್ನು ಅನುಭಾವದ ಗೂಢತೆಯ ಪಕ್ಕದಲ್ಲಿಡಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು, ಇದಕ್ಕಿಂತ ದೊಡ್ಡ ಕಾರಣವಿದೆ. ಈ ಚಿತ್ರದಲ್ಲಿ ಮನುಷ್ಯರು ಎಲ್ಲಿದ್ದಾರೆ? ಗುರುಗ್ರಹದ ದಾರಿಯಲ್ಲಿ ಎಚ್ಚರವಿರುವ ಇನ್ನೊಬ್ಬ ಯಾತ್ರಿ ಪೂಲ್‌ಗೆ ತಂದೆತಾಯಿಗಳು ಹುಟ್ಟುಹಬ್ಬದ ಶುಭಾಶಯವನ್ನು ಕಳುಹಿಸುತ್ತಾರೆ. ಅವನು ದೀಪದ ಕೆಳಗೆ ಮೈಚೆಲ್ಲಿ ಮಲಗಿ, ಮುಖದಲ್ಲಿ ಒಂದು ಗೆರೆಯೂ ಕದಲದಂತೆ ಅದನ್ನು ನೋಡುತ್ತಾನೆ. ಊರು ಬಿಟ್ಟು ಪುಣೆಗೋ ಬೆಂಗಳೂರಿಗೋ ದುಡಿಯಲು ಹೋದ ಮಗನ ಫೋನಿಗಾಗಿ ಕಾಯುವ ತಂದೆತಾಯಿಗಳ ನಾಡಿನಲ್ಲಿ ಕುಳಿತು ಆ ದೃಶ್ಯವನ್ನು ನೋಡಿದಾಗ ನನಗೆ ಮೆಚ್ಚುಗೆಯಾಗಲಿಲ್ಲ, ದುಃಖವಾಯಿತು. ಮನುಷ್ಯ ಯಂತ್ರದಂತಾಗಿದ್ದಾನೆ, ಯಂತ್ರ ಮನುಷ್ಯನಂತಾಗಿದೆ ಎಂಬುದೇ ಚಿತ್ರದ ಮಾತು ಎಂದು ಅಭಿಮಾನಿಗಳು ಹೇಳುತ್ತಾರೆ. ಇರಬಹುದು, ಆದರೆ ಆ ಒಂದು ಮಾತಿಗಾಗಿ ಎರಡು ಗಂಟೆ ಇಪ್ಪತ್ತು ನಿಮಿಷ ನಾನು ಯಾರೊಬ್ಬರ ಬಗ್ಗೆಯೂ ಕಾಳಜಿಪಡದೆ ಕುಳಿತಿರಬೇಕಾಯಿತು. ಹೆಂಗಸರಂತೂ ಸ್ವಾಗತಕಾರಿಣಿಯರು, ಊಟ ತಂದುಕೊಡುವವರು, ನಿಲ್ದಾಣದಲ್ಲಿ ನಾಲ್ಕು ಮಾತನಾಡಿ ಮರೆಯಾಗುವ ರಷ್ಯನ್ ವಿಜ್ಞಾನಿಗಳು, ಫೋನಿನಲ್ಲಿ ಕಾಣುವ ಪುಟ್ಟ ಮಗಳು, ಇಷ್ಟೇ. ಗುರುಗ್ರಹದ ನೌಕೆಯಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲ. ನಿಮ್ಮ ಬಿ.ಎಸ್ಸಿ. ವಿದ್ಯಾರ್ಥಿನಿಯರೊಡನೆ ಈ ವಿಷಯ ಮಾತನಾಡಿದಿರಾ?

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಮೊದಲೇ ಎಲ್ಲವನ್ನೂ ಹೇಳಿ. ಕಾದಂಬರಿಯಲ್ಲಿರುವ ವಿವರಣೆಯನ್ನು ಪೂರ್ತಿ ಕೊಡಿ. ಅಷ್ಟಾದ ಮೇಲೂ ಚಿತ್ರ ನಿಲ್ಲುವುದಾದರೆ ಅದರ ಶಕ್ತಿ ನಿಜ, ನಿಲ್ಲದಿದ್ದರೆ ಅದು ಗುಟ್ಟಿನ ಬಲದಿಂದಲೇ ನಿಂತಿತ್ತೆಂದು ತಿಳಿಯುತ್ತದೆ.

ಉತ್ತರ 3: ಎಂಜಿನಿಯರ್, ಸಿಮೆಂಟ್ ಕಾರ್ಖಾನೆ, ಸೇಡಂ ತಾಲ್ಲೂಕು

ಯಾದಗಿರಿಯ ಸಹೋದರರ ಆಕ್ಷೇಪ ಗಂಭೀರವಾದದ್ದು, ಅದಕ್ಕೆ ಸಾಹಿತ್ಯದ ಕಡೆಯಿಂದ ಉತ್ತರಿಸುವ ಶಕ್ತಿ ನನಗಿಲ್ಲ. ಆದರೆ ಚಿತ್ರ ಎಲ್ಲವನ್ನೂ ಬಚ್ಚಿಟ್ಟಿದೆ ಎಂಬುದು ಸರಿಯಲ್ಲ. ಹ್ಯಾಲ್ ಏಕೆ ಕೊಂದಿತು ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಕಲಬುರಗಿಯ ಚರ್ಚೆಯಲ್ಲಿಯೂ ಹೆಚ್ಚು ಜನ ಕೇಳಿದ್ದು ಇದನ್ನೇ ಆಗಿರಬೇಕು. ಉತ್ತರ ಪರದೆಯ ಮೇಲೆಯೇ ಇದೆ, ಮೂರು ಕಡೆ ಹಂಚಿಕೊಂಡಿದೆ.

ಮೊದಲನೆಯದು, ಡಿಸ್ಕವರಿ ನೌಕೆಯವರೊಂದಿಗೆ ದೂರದರ್ಶನ ಸಂದರ್ಶನ. 9000 ಮಾದರಿಯ ಯಾವ ಕಂಪ್ಯೂಟರೂ ಎಂದೂ ತಪ್ಪು ಮಾಡಿಲ್ಲ, ಮಾಹಿತಿಯನ್ನು ತಿರುಚಿಲ್ಲ ಎಂದು ಹ್ಯಾಲ್ ಅಲ್ಲಿ ಹೇಳುತ್ತದೆ. ಎರಡನೆಯದು, ಹ್ಯಾಲ್ ಬೋಮನ್ ಜೊತೆ ಮಾತನಾಡುತ್ತ, ಈ ಯಾತ್ರೆಯಲ್ಲಿ ಏನೋ ವಿಚಿತ್ರವಿದೆ, ಚಂದ್ರನಲ್ಲಿ ಏನೋ ಸಿಕ್ಕಿತೆಂಬ ವದಂತಿ ಇದೆ ಎಂದು ಕೆದಕುವ ದೃಶ್ಯ. ಬೋಮನ್‌ಗೆ ಏನೂ ಗೊತ್ತಿಲ್ಲ. ಆ ಮಾತು ಮುಗಿಯುವ ಕ್ಷಣದಲ್ಲಿಯೇ ಹ್ಯಾಲ್ ತಡೆದು, ಆಂಟೆನಾದ ಒಂದು ಭಾಗ ಕೆಡಲಿದೆ ಎಂದು ತಪ್ಪು ವರದಿ ಕೊಡುತ್ತದೆ. ಮೂರನೆಯದು, ಹ್ಯಾಲ್ ಆರಿದ ತಕ್ಷಣ ತಾನಾಗಿಯೇ ಚಾಲೂ ಆಗುವ ಚಂದ್ರನಲ್ಲಿ ಸಿಕ್ಕ ಫಲಕವನ್ನು ನೋಡಲು ಹೋಗಿದ್ದ ಅಧಿಕಾರಿ ಡಾಕ್ಟರ್ ಫ್ಲಾಯ್ಡ್ ಅವರ, ಮೊದಲೇ ಚಿತ್ರೀಕರಿಸಿಟ್ಟ ಸಂದೇಶ: ಯಾತ್ರೆಯ ನಿಜವಾದ ಉದ್ದೇಶ ಇದುವರೆಗೆ ನೌಕೆಯಲ್ಲಿ ಹ್ಯಾಲ್‌ಗೆ ಮಾತ್ರ ತಿಳಿದಿತ್ತು. ಮಾಹಿತಿಯನ್ನು ಎಂದೂ ತಿರುಚದ ಯಂತ್ರಕ್ಕೆ, ಜೊತೆಗಿರುವವರಿಂದ ದೊಡ್ಡ ವಿಷಯವೊಂದನ್ನು ಮುಚ್ಚಿಡು ಎಂದು ಮನುಷ್ಯರೇ ಆಜ್ಞೆ ಮಾಡಿದ್ದರು. ಅದರ ಮೊದಲ ತಪ್ಪು ಬಂದದ್ದು ಆ ಗುಟ್ಟಿನ ಮಾತು ಎತ್ತಿದ ಕ್ಷಣದಲ್ಲಿ. ನಿಯಂತ್ರಣ ವ್ಯವಸ್ಥೆಗಳೊಂದಿಗೆ ದಿನವೂ ಕೆಲಸ ಮಾಡುವ ನನಗೆ, ಪರಸ್ಪರ ವಿರುದ್ಧವಾದ ಎರಡು ಆಜ್ಞೆಗಳನ್ನು ಕೊಟ್ಟ ವ್ಯವಸ್ಥೆ ಎಲ್ಲಿ ಒಡೆಯುತ್ತದೆ ಎಂಬುದರ ಇದಕ್ಕಿಂತ ಸ್ಪಷ್ಟವಾದ ಚಿತ್ರಣ ಬೇರೆ ಕಂಡಿಲ್ಲ. ಸಂದೇಶ ಬರುವ ಹೊತ್ತಿಗೆ ನೋಡುಗರು ಹ್ಯಾಲ್‌ನ ಸಾವಿನಿಂದ ಕಲಕಿಹೋಗಿರುತ್ತಾರೆ, ಅದಕ್ಕಾಗಿಯೇ ಮಾತು ಕಿವಿಗೆ ಬೀಳುವುದಿಲ್ಲ. ಆ ಸಂದೇಶದ ಕನ್ನಡ ಅನುವಾದವನ್ನು ಮೊದಲೇ ಕೈಗೆ ಕೊಟ್ಟರೆ ಸಾಕು, ಅರ್ಥವನ್ನು ಅವರೇ ಜೋಡಿಸಿಕೊಳ್ಳುತ್ತಾರೆ.

ಭೌತಶಾಸ್ತ್ರದ ವಿದ್ಯಾರ್ಥಿಗಳಾದ್ದರಿಂದ ಇನ್ನೊಂದು ದಾರಿಯೂ ಇದೆ. ತಿರುಗುವ ಚಕ್ರದೊಳಗೆ ಪೂಲ್ ಓಡುವ ದೃಶ್ಯಕ್ಕಾಗಿ 38 ಅಡಿ ವ್ಯಾಸದ ಚಕ್ರವನ್ನು ನಿಜವಾಗಿಯೇ ಕಟ್ಟಿ ತಿರುಗಿಸಿದ್ದರು. ಅದರ ತ್ರಿಜ್ಯ ಸುಮಾರು 5.8 ಮೀಟರ್. ಅಷ್ಟು ಚಿಕ್ಕ ಚಕ್ರದ ಅಂಚಿನಲ್ಲಿ ಭೂಮಿಯ ಗುರುತ್ವದ ಅನುಭವ ಬೇಕಾದರೆ ಅದು ನಿಮಿಷಕ್ಕೆ 12 ಸುತ್ತಿಗಿಂತ ವೇಗವಾಗಿ ತಿರುಗಬೇಕು. ಚಂದ್ರನಷ್ಟು ಸಾಕೆಂದರೆ 5 ಸುತ್ತು ಸಾಲುತ್ತದೆ. ಆಗಲೂ 1.7 ಮೀಟರ್ ಎತ್ತರದ ಮನುಷ್ಯನ ತಲೆಯ ಬಳಿ ತೂಕ ಪಾದದ ಬಳಿಗಿಂತ ನೂರಕ್ಕೆ 29ರಷ್ಟು ಕಡಿಮೆ ಇರುತ್ತದೆ. ಅದೇ ತ್ರಿಜ್ಯ 150 ಮೀಟರ್ ಆದರೆ ನಿಮಿಷಕ್ಕೆ ಒಂದೇ ಸುತ್ತಿನಲ್ಲಿ ಚಂದ್ರನ ಗುರುತ್ವ ಸಿಗುತ್ತದೆ, ಆದ್ದರಿಂದಲೇ ನಿಲ್ದಾಣಗಳನ್ನು ದೊಡ್ಡ ಚಕ್ರಗಳಾಗಿ ಕಲ್ಪಿಸಿಕೊಳ್ಳುತ್ತಾರೆ. ಈ ಲೆಕ್ಕವನ್ನು ವಿದ್ಯಾರ್ಥಿಗಳಿಂದ ಹಿಂದಿನ ದಿನ ಮಾಡಿಸಿ. ನಿಲ್ದಾಣ ನಿಧಾನವಾಗಿ ತಿರುಗುವ ಆ ದೀರ್ಘ ದೃಶ್ಯ ಆಗ ಅವರಿಗೆ ಉದ್ದವೆನಿಸುವುದಿಲ್ಲ.

ಬಾಹ್ಯಾಕಾಶದ ಮೌನವನ್ನು ಗಮನಿಸಲು ಹೇಳಿ. ಹೊರಗೆ ಹೋದ ಪೂಲ್‌ನ ಉಸಿರಾಟ ಮಾತ್ರ ಕೇಳಿಸುತ್ತದೆ, ಆಮೇಲೆ ಅದೂ ನಿಲ್ಲುತ್ತದೆ. ಬೋಮನ್ ಶಿರಸ್ತ್ರಾಣವಿಲ್ಲದೆ ನೌಕೆಗೆ ಹಾರಿ ಸೇರುವಾಗ, ಗಾಳಿ ತುಂಬುವವರೆಗೆ ಒಂದಿಷ್ಟೂ ಸದ್ದಿಲ್ಲ. ಅಲ್ಲಿ ಅವನು ಉಸಿರು ಬಿಗಿಹಿಡಿದಂತೆ ಕಾಣುವುದು ಮಾತ್ರ ತಪ್ಪು. ನಿರ್ವಾತದಲ್ಲಿ ಉಸಿರು ಹಿಡಿದರೆ ಶ್ವಾಸಕೋಶಗಳು ಹಿಗ್ಗಿ ಹರಿಯುತ್ತವೆ, ಹೊರಬಿಡಬೇಕು. ಈ ತಪ್ಪನ್ನು ಕಂಡುಹಿಡಿದವರಿಗೆ ಬಹುಮಾನವೆಂದು ಘೋಷಿಸಿದರೆ ಯಾರೂ ಎದ್ದು ಹೋಗಲಾರರು.

ಉತ್ತರ 4: ಸಂಶೋಧನಾ ವಿದ್ಯಾರ್ಥಿ, ಕಡಗಂಚಿ

ಇಬ್ಭಾಗವಾದದ್ದು ಕಲಬುರಗಿಯಲ್ಲಿ ಮಾತ್ರವಲ್ಲ ಎಂಬುದನ್ನು ನೆನಪಿಸಲು ಇದನ್ನು ಬರೆಯುತ್ತಿದ್ದೇನೆ. 1968ರ ಏಪ್ರಿಲ್ 2ರಂದು ವಾಷಿಂಗ್ಟನ್‌ನಲ್ಲಿ ಮೊದಲ ಪ್ರದರ್ಶನ ನಡೆಯಿತು. ಮೊದಲ ಪ್ರದರ್ಶನಗಳಲ್ಲಿಯೇ ಜನ ಎದ್ದು ಹೋದರು, ನ್ಯೂಯಾರ್ಕಿನ ವಿಮರ್ಶಕರಲ್ಲಿ ಅನೇಕರು ಕಟುವಾಗಿ ಬರೆದರು. ಕುಬ್ರಿಕ್ ಕೆಲವೇ ದಿನಗಳಲ್ಲಿ ಸುಮಾರು 19 ನಿಮಿಷಗಳನ್ನು ಕತ್ತರಿಸಿದರು. ನಾವೀಗ ನೋಡುತ್ತಿರುವುದು ಹೀಗೆ ಕತ್ತರಿಸಿದ ಮೇಲೆ ಉಳಿದ ಚಿತ್ರ. ಆಮೇಲೆ ಯುವಕರು ಮತ್ತೆ ಮತ್ತೆ ಬಂದು ನೋಡತೊಡಗಿದರು, ಆ ವರ್ಷ ಉತ್ತರ ಅಮೆರಿಕದಲ್ಲಿ ಅತಿ ಹೆಚ್ಚು ಗಳಿಸಿದ ಚಿತ್ರಗಳ ಸಾಲಿಗೆ ಇದು ಸೇರಿತು. 'ನ್ಯೂಸ್‌ಡೇ' ಪತ್ರಿಕೆಯ ಜೋಸೆಫ್ ಗೆಲ್ಮಿಸ್ ಮೊದಲು ತೆಗಳಿ ಬರೆದು, ಮತ್ತೊಮ್ಮೆ ನೋಡಿ, ತಮ್ಮ ಅಭಿಪ್ರಾಯ ಬದಲಾಯಿತೆಂದು ಎರಡನೆಯ ವಿಮರ್ಶೆ ಪ್ರಕಟಿಸಿದರು. ಪಾಲೀನ್ ಕೇಲ್ ಮಾತ್ರ ಕಲ್ಪನಾಶಕ್ತಿಯೇ ಇಲ್ಲದ ಚಿತ್ರವೆಂದು ಖಂಡಿಸಿದರು. ಆ ಕಾಲದ ಅತ್ಯಂತ ಚುರುಕಾದ ವಿಮರ್ಶಕರಲ್ಲಿ ಅವರೊಬ್ಬರು, ತಿಳಿಯದೆ ಬರೆದವರಲ್ಲ. 2022ರಲ್ಲಿ 'ಸೈಟ್ ಆ್ಯಂಡ್ ಸೌಂಡ್' ಪತ್ರಿಕೆ ನಡೆಸಿದ ಮತದಾನದಲ್ಲಿ ಜಗತ್ತಿನ ನಿರ್ದೇಶಕರು ಇದಕ್ಕೆ ಮೊದಲ ಸ್ಥಾನ ಕೊಟ್ಟರು, ವಿಮರ್ಶಕರ ಪಟ್ಟಿಯಲ್ಲಿ ಇದು ಆರನೆಯದು.

ಚಿತ್ರದಲ್ಲಿ ಮನುಷ್ಯಭಾವವಿಲ್ಲ, ಅದು ತಣ್ಣಗಿದೆ ಎಂಬ ಯಾದಗಿರಿಯವರ ಆಕ್ಷೇಪವನ್ನು ರಷ್ಯನ್ ನಿರ್ದೇಶಕ ಆಂದ್ರೇ ತಾರ್ಕೋವ್ಸ್ಕಿಯೂ ಎತ್ತಿದ್ದರು. ಅವರ 1972ರ 'ಸೊಲಾರಿಸ್' ಚಿತ್ರದಲ್ಲಿ ಬಾಹ್ಯಾಕಾಶಕ್ಕೆ ಹೋದ ಮನುಷ್ಯನಿಗೆ ಎದುರಾಗುವುದು ತನ್ನ ಪಶ್ಚಾತ್ತಾಪ, ತೀರಿಹೋದ ಹೆಂಡತಿ. ಆ ಚಿತ್ರ ಅದರ ಮೂಲ ಕಾದಂಬರಿಕಾರ ಸ್ತಾನಿಸ್ಲಾವ್ ಲೆಮ್ ಅವರಿಗೆ ಹಿಡಿಸಲಿಲ್ಲ ಎಂಬುದು ಬೇರೆ ಮಾತು. ಎರಡನ್ನೂ ಒಂದರ ನಂತರ ಒಂದು ತಿಂಗಳು ತೋರಿಸಿದರೆ ವಾದ ಇನ್ನಷ್ಟು ಫಲಕಾರಿಯಾದೀತು. ಕನ್ನಡದಲ್ಲಿಯೇ 2013ರ 'ಲೂಸಿಯಾ' ಇದೆ. ಯಾವುದು ಕನಸು, ಯಾವುದು ಎಚ್ಚರ ಎಂದು ನಮ್ಮ ನೋಡುಗರು ಜಗಳವಾಡಿದ್ದಾರೆ. ಆ ಚಿತ್ರದಲ್ಲಿ ಬಣ್ಣ ಮತ್ತು ಕಪ್ಪು-ಬಿಳುಪು ಒಂದು ಸುಳಿವನ್ನಾದರೂ ಕೊಡುತ್ತವೆ, ಇಲ್ಲಿ ಆ ಸಹಾಯವೂ ಇಲ್ಲ.

ಒಂದು ಪ್ರಾಯೋಗಿಕ ಮಾತು. ಚಿತ್ರ ಆರಂಭವಾಗುವ ಮೊದಲು ಸುಮಾರು ಮೂರು ನಿಮಿಷ ಪರದೆ ಪೂರ್ತಿ ಕಪ್ಪಾಗಿರುತ್ತದೆ, ಸಂಗೀತ ರಚನೆಕಾರ ಲಿಗೆತಿಯ ಸಂಗೀತ ಮಾತ್ರ ಕೇಳುತ್ತದೆ. ಪ್ರೊಜೆಕ್ಟರ್ ಕೆಟ್ಟಿದೆ ಎಂದುಕೊಂಡು ಜನ ಕೂಗುವುದು, ನಡೆಸುವವರು ಮುಂದಕ್ಕೆ ಓಡಿಸುವುದು ಸಾಮಾನ್ಯ. ದಯವಿಟ್ಟು ಓಡಿಸಬೇಡಿ, ಮೊದಲೇ ಒಂದು ಮಾತು ಹೇಳಿಬಿಡಿ. ಧ್ವನಿಪೆಟ್ಟಿಗೆಗಳು ಚೆನ್ನಾಗಿರಲಿ, ಫ್ಯಾನುಗಳ ಸದ್ದಿನಲ್ಲಿ ಈ ಚಿತ್ರದ ಅರ್ಧ ಭಾಗ ಕಳೆದುಹೋಗುತ್ತದೆ. ಅಲೆಕ್ಸ್ ನಾರ್ತ್ ಅವರಿಂದ ಬರೆಸಿದ ಸಂಗೀತವನ್ನೇ ಬದಿಗಿಟ್ಟು ಕುಬ್ರಿಕ್ ಮೊದಲೇ ರಚನೆಯಾಗಿದ್ದ ಇಂಥ ಕೃತಿಗಳನ್ನು ಆರಿಸಿಕೊಂಡರು ಎಂಬುದನ್ನು ನೆನೆದರೆ, ಸಂಗೀತ ಅವರಿಗೆ ಎಷ್ಟು ಮುಖ್ಯವಾಗಿತ್ತೆಂದು ತಿಳಿಯುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ಕನ್ನಡದಲ್ಲಿ ಒಂದು ಪುಟವನ್ನು ಸಿದ್ಧಪಡಿಸಲು ನಿರ್ಧರಿಸಿದ್ದೇನೆ. ಅದರಲ್ಲಿ ಪಾತ್ರಗಳ ಹೆಸರು, ನಾಲ್ಕು ಭಾಗಗಳ ಕಾಲ, ದೂರದರ್ಶನ ಸಂದರ್ಶನ ಮತ್ತು ಫ್ಲಾಯ್ಡ್ ಸಂದೇಶದ ಅನುವಾದ ಇರುತ್ತವೆ. ಚಂದ್ರನ ಭಾಗಕ್ಕೆ ಚಿತ್ರದಲ್ಲಿ ಬೇರೆ ಶೀರ್ಷಿಕೆಯೇ ಇಲ್ಲದ್ದರಿಂದ ಅಲ್ಲಿ ಅನೇಕರು ದಾರಿ ತಪ್ಪಿದ್ದರು, ಅದನ್ನೂ ಸೂಚಿಸುತ್ತೇನೆ. ಫಲಕದ ಬಗ್ಗೆ, ಕೊನೆಯ ಕೋಣೆಯ ಬಗ್ಗೆ ಒಂದು ಅಕ್ಷರವೂ ಇರುವುದಿಲ್ಲ. ಯಾದಗಿರಿಯ ಸರ್, ಕಾದಂಬರಿಯ ವಿವರಣೆಯನ್ನು ಮೊದಲೇ ಕೊಡಬೇಕೆಂಬ ನಿಮ್ಮ ಸಲಹೆಯನ್ನು ಒಪ್ಪಲಾರೆ. ಕಾದಂಬರಿಯಲ್ಲಿ ಯಾತ್ರೆ ಗುರುವಿಗಲ್ಲ, ಶನಿಗೆ. ಅವೆರಡೂ ಜೊತೆಜೊತೆಯಾಗಿ ಬೆಳೆದ ಬೇರೆ ಬೇರೆ ಕೃತಿಗಳು, ಒಂದರ ಉತ್ತರವನ್ನು ಇನ್ನೊಂದಕ್ಕೆ ಹಚ್ಚುವುದು ನ್ಯಾಯವಲ್ಲ. ಆದರೆ ಹೆಣ್ಣುಮಕ್ಕಳಿಲ್ಲದ ನೌಕೆಯ ಬಗ್ಗೆ ನೀವು ಕೇಳಿದ್ದನ್ನು ನಾವು ಯಾರೂ ಚರ್ಚೆಯಲ್ಲಿ ಎತ್ತಿರಲಿಲ್ಲ. ಸೇಡಂನಲ್ಲಿ ಅದನ್ನು ಎತ್ತಲು ನೀವೇ ಬಂದರೆ ನಮಗೆ ಸಂತೋಷ.

ಉತ್ತರ 2ರವರು, ಯಾದಗಿರಿ

ಕರೆದದ್ದಕ್ಕೆ ಧನ್ಯವಾದಗಳು ಸರ್, ಖಂಡಿತ ಬರುತ್ತೇನೆ. ಹ್ಯಾಲ್ ಬಗ್ಗೆ ಎಂಜಿನಿಯರ್ ಸಹೋದರರು ತೋರಿಸಿದ ಮೂರು ದೃಶ್ಯಗಳನ್ನು ನಿನ್ನೆ ಮತ್ತೆ ನೋಡಿದೆ, ಆ ಜೋಡಣೆ ಗಟ್ಟಿಯಾಗಿದೆ. ಆದರೂ ಕೊನೆಯ ಕೋಣೆಗೆ ಅಂಥ ಜೋಡಣೆ ಯಾರಿಂದಲೂ ಸಿಕ್ಕಿಲ್ಲ, ಪೂಲ್‌ನ ತಂದೆತಾಯಿಗಳ ದೃಶ್ಯ ನನ್ನನ್ನು ಈಗಲೂ ನೋಯಿಸುತ್ತದೆ. ನನ್ನದೊಂದು ವಿನಂತಿ. ಚರ್ಚೆಯಲ್ಲಿ ಮೊದಲ ಮಾತು ಚಿತ್ರ ಹಿಡಿಸದವರಿಗೆ ಸಿಗಲಿ. ಮೆಚ್ಚಿದವರು ಮೊದಲು ಮಾತನಾಡಿದರೆ ಬೇಸರಪಟ್ಟ ಹುಡುಗರು ತಮಗೇ ಏನೋ ಕೊರತೆಯಿದೆಯೆಂದು ಬಾಯಿ ಮುಚ್ಚಿಕೊಳ್ಳುತ್ತಾರೆ. ಮಧ್ಯಂತರವನ್ನು ಚಿತ್ರದಲ್ಲಿರುವ ಜಾಗದಲ್ಲಿಯೇ, ಹ್ಯಾಲ್ ಬೋಮನ್, ಪೂಲ್ ಇಬ್ಬರ ತುಟಿಗಳ ಚಲನೆಯನ್ನು ಓದುವ ದೃಶ್ಯದ ನಂತರವೇ ಕೊಡಿ. ಹೋಗಬೇಕೆನ್ನುವವರು ಆಗ ಹೋಗಲಿ, ಹೋಗುವವರನ್ನು ಬಾಗಿಲಲ್ಲಿ ನಿಲ್ಲಿಸಿ ಏಕೆಂದು ಒಂದು ಮಾತು ಕೇಳಿ ಬರೆದುಕೊಳ್ಳಲು ಯಾರಾದರೂ ಇರಲಿ. ಬೇರೆ ಯಾರೂ ಸಿಗದಿದ್ದರೆ ಆ ಕೆಲಸವನ್ನು ನಾನೇ ಮಾಡುತ್ತೇನೆ.